ವೇಷ ಕಟ್ಟಿ ನಿಂತ ಊರು

ಕನ್ನಡದ ಮುಖ್ಯವಾಹಿನಿ ಸಿನಿಮಾಕ್ಕೆ ಕಳೆದ ಏಳೆಂಟು ವರ್ಷಗಳಿಂದ ಊರಿನ ಮೇಲೆ ಪ್ರೀತಿ ಹುಟ್ಟಿದೆ. ಅದಕ್ಕೂ ಮೊದಲು ನಮ್ಮ ಜನಪ್ರಿಯ ಚಿತ್ರಗಳ ಕಥೆ ಬಹುಪಾಲು ನಡೆಯುತ್ತಿದ್ದದ್ದು ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ, ಇಲ್ಲವೇ ಮಂಡ್ಯ ಮೈಸೂರು ಕಡೆಯದೆಂದು ನಾವೇ ಊಹಿಸಿಕೊಳ್ಳಬೇಕಾದ ಒಂದು ಹಳ್ಳಿಯಲ್ಲಿ; ಹಾಡು ಬಂದಾಗ ಮಾತ್ರ ಚಿತ್ರತಂಡ ಜೋಗಕ್ಕೋ ಮುರುಡೇಶ್ವರಕ್ಕೋ ಬಂದು ನಾಲ್ಕು ದಿನ ಇದ್ದು ಹೋಗುತ್ತಿತ್ತು. ತೊಂಬತ್ತರ ದಶಕದ ‘ನಮ್ಮೂರ ಮಂದಾರ ಹೂವೇ’ ಚಿತ್ರ ಯಾಣದ ಕಪ್ಪು ಬಂಡೆಗಳನ್ನು ರಾಜ್ಯಕ್ಕೆಲ್ಲ ಪರಿಚಯಿಸಿದ್ದು ನಿಜ, ಆದರೆ ಅಂಥವು ಬೆರಳೆಣಿಕೆಯವು. ಈಗ ಸ್ಥಿತಿ ಬೇರೆ. ಚಿತ್ರದ ಮೊದಲ ಪ್ರಚಾರ ತುಣುಕಿನಲ್ಲೇ ಕಾಡು, ಮಳೆ, ಕಂಬಳದ ಗದ್ದೆ, ದೈವದ ಮುಖ, ಹೆಂಚಿನ ಮನೆ, ದೋಣಿ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಶಿರಸಿಯಲ್ಲಿ ಕುಳಿತು ಸಿನಿಮಾ ನೋಡಿ ಬರೆಯುವ ನನ್ನಂಥವನಿಗೆ ಇದು ಸಂತೋಷ ತರಬೇಕಾದ ಬದಲಾವಣೆ, ತಂದಿದೆ ಕೂಡ. ಆದರೂ ಈ ಚಿತ್ರಗಳನ್ನು ನೋಡಿ ಹೊರಬರುವಾಗ ಒಂದು ಅಸಮಾಧಾನ ಉಳಿಯುತ್ತದೆ. ಊರು ಚೆನ್ನಾಗಿ ಕಾಣುತ್ತದೆ, ಆದರೆ ಅದಕ್ಕೆ ಹೇಳಲು ಏನಾದರೂ ಇದೆಯೇ ಎಂದು ಕೇಳುವ ವ್ಯವಧಾನ ನಮ್ಮ ದೊಡ್ಡ ಚಿತ್ರಗಳಿಗೆ ಇನ್ನೂ ಬಂದಿಲ್ಲ.

ಆಗಿರುವ ಲಾಭವನ್ನು ಮೊದಲು ಒಪ್ಪಿಕೊಳ್ಳಬೇಕು. ದಶಕಗಳ ಕಾಲ ಕನ್ನಡ ಚಿತ್ರಗಳಲ್ಲಿ ಕರಾವಳಿಯ ಕನ್ನಡ ಎಂದರೆ ನಗೆಯ ಸರಕು. ಅಡುಗೆ ಭಟ್ಟರೋ, ಹೋಟೆಲಿನ ಮಾಲೀಕರೋ, ಪುರೋಹಿತರೋ ಆ ಕನ್ನಡವನ್ನು ರಾಗ ಎಳೆದು ಆಡಿ ಜನರನ್ನು ನಗಿಸಿ ಮರೆಯಾಗುತ್ತಿದ್ದರು. ನಾಯಕ ಮಾತ್ರ ಎಲ್ಲಿಯವನೂ ಅಲ್ಲದ ಕನ್ನಡದಲ್ಲಿ ಪ್ರೀತಿಸುತ್ತಿದ್ದ, ಹೊಡೆಯುತ್ತಿದ್ದ, ಅಳುತ್ತಿದ್ದ. ರಕ್ಷಿತ್ ಶೆಟ್ಟಿ, ರಿಷಬ್ ಶೆಟ್ಟಿ, ರಾಜ್ ಬಿ. ಶೆಟ್ಟಿ ಮತ್ತು ಅವರ ಒಡನಾಡಿಗಳು ಈ ಪದ್ಧತಿಯನ್ನು ಮುರಿದರು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಂಗಳೂರಿನ ಕನ್ನಡ ಕೊಲೆಗಾರನ ಬಾಯಲ್ಲೂ ಪೊಲೀಸನ ಬಾಯಲ್ಲೂ ನಗು ಹುಟ್ಟಿಸದೆ, ಹೆದರಿಕೆ ಹುಟ್ಟಿಸುವಷ್ಟು ಸಹಜವಾಗಿ ಬಂತು. ಒಂದು ಭಾಗದ ಮಾತು ಗಂಭೀರವಾದ ಭಾವವನ್ನು ಹೊರಬಲ್ಲದು ಎಂದು ಸಾಬೀತಾದ ಮೇಲೆ ಬಾಕಿ ಭಾಗದವರಿಗೂ ಧೈರ್ಯ ಬರುತ್ತದೆ.

ಆದರೆ ಈ ಧೈರ್ಯದ ಜೊತೆಗೇ ಒಂದು ಗೊಂದಲವೂ ಬಂದಿದೆ. ಸಿನಿಮಾದಲ್ಲಿ ಕರಾವಳಿ ಎಂದರೆ ಈಗ ಮಂಗಳೂರು, ಉಡುಪಿ, ಕುಂದಾಪುರ ಅಷ್ಟೇ. ಭಟ್ಕಳದಿಂದ ಉತ್ತರಕ್ಕೆ ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಕಾರವಾರದವರೆಗೆ ಹರಡಿಕೊಂಡಿರುವ ಕಡಲಂಚೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಅದೇ ಚೌಕಟ್ಟಿನೊಳಗೆ ತುರುಕಲ್ಪಡುತ್ತವೆ. ‘ಕಾಂತಾರ’ ಬಂದ ಮೇಲೆ ಬೇರೆ ಜಿಲ್ಲೆಗಳ ಪರಿಚಿತರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ, ನಿಮ್ಮಲ್ಲಿ ಭೂತಕೋಲ ಯಾವ ತಿಂಗಳಲ್ಲಿ ಎಂಬುದು. ತುಳುನಾಡಿನ ರೀತಿಯ ಕೋಲ ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ಜಟಕ, ಚೌಡಿ, ಹುಲಿದೇವರು, ಬಂಡಿಹಬ್ಬ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ ಎಂದು ಹೇಳಿದರೆ ಅವರಿಗೆ ನಿರಾಸೆಯಾಗುತ್ತದೆ. ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿಯ ಹತ್ತಾರು ಬಗೆ, ಭಟ್ಕಳದ ನವಾಯತಿ, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಮಾತು, ಇವುಗಳಲ್ಲಿ ಒಂದನ್ನಾದರೂ ದೊಡ್ಡ ಚಿತ್ರವೊಂದರ ಮುಖ್ಯ ಪಾತ್ರ ನೆಟ್ಟಗೆ ಆಡಿದ್ದು ನನಗೆ ನೆನಪಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಒಂದು ಭಾಗದ ಆಚರಣೆ ಯಶಸ್ವಿಯಾದ ಕೂಡಲೇ ಅದು ಇಡೀ ಪಶ್ಚಿಮಕ್ಕೆ ಹೊಲಿಸಿದ ಸಮವಸ್ತ್ರದಂತಾಗುವುದನ್ನು ಗಮನಿಸುತ್ತಿದ್ದೇನೆ.

ಚಿತ್ರಗಳನ್ನು ಅಳೆಯಲು ನಾನು ಬಳಸುವ ಅಳತೆಗೋಲು ಈ ಸೀಮೆಯದೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದೇಕೆ ಎಂದು ರಾಮನನ್ನು ಕೇಳುತ್ತಾನೆ. ರಾಮ ಉತ್ತರಿಸಲೇಬೇಕು. ದೇವರೆಂಬ ಕಾರಣಕ್ಕೆ ಅವನಿಗೆ ರಿಯಾಯಿತಿಯಿಲ್ಲ. ವಾಲಿಯ ಪಾತ್ರಧಾರಿ ಪ್ರಬಲನಾಗಿದ್ದರೆ ರಾಮ ಬೆವರುತ್ತಾನೆ, ಸಭೆ ವಾಲಿಯ ಪರ ತಲೆಯಾಡಿಸುತ್ತದೆ, ಪ್ರಸಂಗ ಮುಗಿದ ಮೇಲೆಯೂ ತೀರ್ಪು ಬಾಕಿ ಉಳಿಯುತ್ತದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಬಯಲಾಟದಲ್ಲೂ ಅಷ್ಟೇ. ಇಲ್ಲಿನ ಜನ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ನೆನೆಯುವುದು ಅವರ ಕೀಚಕನಿಗಾಗಿ, ಭಸ್ಮಾಸುರನಿಗಾಗಿ. ಸಿನಿಮಾದ ನಾಯಕನ ಪ್ರವೇಶಕ್ಕೂ, ಪಾತ್ರ ರಂಗಕ್ಕೆ ಬರುವ ನಮ್ಮ ಒಡ್ಡೋಲಗಕ್ಕೂ ನೇರ ಸಂಬಂಧವಿದೆ ಎಂದು ನಾನು ಹಿಂದಿನಿಂದಲೂ ಹೇಳುತ್ತ ಬಂದಿದ್ದೇನೆ: ಅದೇ ಕಾಯಿಸುವಿಕೆ, ಅದೇ ತೆರೆ, ಅದೇ ಏರುವ ಚೆಂಡೆ. ವ್ಯತ್ಯಾಸವೆಂದರೆ ಯಕ್ಷಗಾನದಲ್ಲಿ ಒಡ್ಡೋಲಗ ಮುಗಿದ ಮೇಲೆ ಪಾತ್ರ ಬಾಯಿ ತೆರೆದು ತಾನು ಯಾರು, ತನ್ನ ಪಕ್ಷವೇನು ಎಂದು ಹೇಳಬೇಕು, ಎದುರಾಳಿಯೂ ಹೇಳಬೇಕು. ನಮ್ಮ ಮಾಸ್ ಚಿತ್ರಗಳಲ್ಲಿ ಒಡ್ಡೋಲಗವೇ ಮೂರು ಗಂಟೆ ನಡೆಯುತ್ತದೆ.

‘ಕೆಜಿಎಫ್’ನ ಎರಡು ಅಧ್ಯಾಯಗಳು, 2018ರದು ಮತ್ತು 2022ರದು, ಈ ಮಾತಿಗೆ ಒಳ್ಳೆಯ ಉದಾಹರಣೆ. ಪ್ರಶಾಂತ್ ನೀಲ್ ಅವರ ಕುಶಲತೆಯನ್ನು ಅಲ್ಲಗಳೆಯುವವರು ಚಿತ್ರವನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ. ದೃಶ್ಯವನ್ನು ತುಂಡರಿಸಿ, ನಡುವೆ ಕತ್ತಲು ತುಂಬಿ, ಮತ್ತೆ ತೆರೆಯುವ ಆ ಸಂಕಲನ, ಭುವನ್ ಗೌಡರ ಕ್ಯಾಮೆರಾ ಹಿಡಿದ ಮಸಿ ಮತ್ತು ಧೂಳು, ಬಸ್ರೂರಿನಿಂದ ಬಂದ ರವಿಯವರ ಸಂಗೀತ, ಇಡೀ ಕಥೆಯನ್ನು ದಂತಕಥೆಯಾಗಿಸುವ ನಿರೂಪಕನಾಗಿ ಮೊದಲ ಅಧ್ಯಾಯದಲ್ಲಿ ನಮ್ಮ ಜಿಲ್ಲೆಯ ನಂಟಿರುವ ಅನಂತ್ ನಾಗ್ ಅವರ ದನಿ, ಇವೆಲ್ಲ ಲೆಕ್ಕಾಚಾರದಿಂದ ಕೂಡಿದ ಗಟ್ಟಿ ಕೆಲಸ. ಆದರೆ ಕೋಲಾರದ ಚಿನ್ನದ ಗಣಿ ಎಂಬುದು ನಿಜವಾದ ಒಂದು ಊರು. 1880ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ಮೊದಲು ಆ ಗಣಿಗಳಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ತಲೆಮಾರುಗಳ ಕಾಲ ತಮಿಳು ಮಾತಾಡುವ ಕಾರ್ಮಿಕರು ಅಲ್ಲಿ ದುಡಿದರು, ಶ್ವಾಸಕೋಶ ಕಳೆದುಕೊಂಡರು, ಸಂಘ ಕಟ್ಟಿದರು, ಮುಷ್ಕರ ಮಾಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿತ್ರ ಇದರಲ್ಲಿ ಮೂರು ಅಕ್ಷರವನ್ನಷ್ಟೇ ಇಟ್ಟುಕೊಂಡು ನರಾಚಿ ಎಂಬ ಕಲ್ಪಿತ ನರಕವನ್ನು ಕಟ್ಟಿತು. ಕಲ್ಪಿಸುವುದು ತಪ್ಪಲ್ಲ. ನನ್ನ ತಕರಾರು ಆ ನರಕದಲ್ಲಿರುವ ಸಾವಿರಾರು ಜನಕ್ಕೆ ತಲೆಯೆತ್ತಿ ನಾಯಕನನ್ನು ನೋಡುವುದರ ಹೊರತು ಬೇರೆ ಕೆಲಸವಿಲ್ಲ ಎಂಬುದು. ಖಳರಾದ ಗರುಡನಿಗಾಗಲಿ ಅಧೀರನಿಗಾಗಲಿ ಕ್ರೌರ್ಯ ಬೇಕಾದಷ್ಟಿದೆ, ಪಕ್ಷವಿಲ್ಲ.

‘ಕಾಂತಾರ’ದ ವಿಷಯ ಹಾಗಲ್ಲ, ಅದರ ಬಗ್ಗೆ ಹೆಚ್ಚು ಹೊತ್ತು ಮಾತಾಡಬೇಕು. 2022ರ ಸೆಪ್ಟೆಂಬರ್ 30ರಂದು ಅದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು, ಹಿಂದಿಯ ಡಬ್ಬಿಂಗ್ ಬಂದದ್ದು ಎರಡು ವಾರದ ನಂತರ. ಈ ವಿವರ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಚಿತ್ರದ ಮೊದಲರ್ಧದಲ್ಲಿ ಯಾರಿಗೂ ಏನನ್ನೂ ವಿವರಿಸುವ ಆತುರವಿಲ್ಲ. ಕಂಬಳದ ಬಹುಮಾನದ ಜಗಳ, ಹಂದಿ ಬೇಟೆ, ಗೆಳೆಯರ ಪೋಲಿ ಮಾತು, ಅಮ್ಮನ ಬೈಗುಳ, ಇವೆಲ್ಲ ತಮ್ಮ ಪಾಡಿಗೆ ನಡೆಯುತ್ತವೆ. ಅರ್ಥವಾದವರು ನಗಬಹುದು, ಆಗದವರು ಹಿಂಬಾಲಿಸಬಹುದು. ಚಿತ್ರೀಕರಣ ನಡೆದದ್ದು ನಿರ್ದೇಶಕರ ಹುಟ್ಟೂರಾದ ಕೆರಾಡಿಯ ಸುತ್ತಮುತ್ತ. ಕಥೆಯ ಬೇರು ಇರುವುದು ಭೂಮಿಯಲ್ಲಿ: ಅರಸ ದೈವಕ್ಕೆ ಮಾತು ಕೊಟ್ಟು ಜನರಿಗೆ ಬಿಟ್ಟ ಕಾಡಂಚಿನ ನೆಲ, ಅದನ್ನು ಮರಳಿ ಕಸಿಯಲು ನೋಡುವ ಧಣಿಯ ಕುಟುಂಬ, ಬೇಲಿ ಹಾಕಲು ಬರುವ ಅರಣ್ಯ ಇಲಾಖೆ. ಉತ್ತರ ಕನ್ನಡದ ನೋಡುಗ ಆ ಬೇಲಿಯ ದೃಶ್ಯ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾನೆ. ಜಿಲ್ಲೆಯ ಬಹುಭಾಗ ಅರಣ್ಯವೆಂದು ದಾಖಲೆಯಲ್ಲಿರುವಾಗ, ಮನೆಯ ಹಿಂದಿನ ಸೊಪ್ಪಿನ ಬೆಟ್ಟದಿಂದ ಹಿಡಿದು ಅಜ್ಜ ಕಡಿದು ಹದ ಮಾಡಿದ ಗದ್ದೆಯವರೆಗೆ ಯಾವುದು ನಮ್ಮದು ಯಾವುದು ಇಲಾಖೆಯದು ಎಂಬ ತಕರಾರು ಇಲ್ಲಿ ಪ್ರತಿ ಊರಿನ ದಿನನಿತ್ಯದ ಮಾತು.

ಆ ತಕರಾರು ನಡೆಯುವುದು ಕಾಗದದಲ್ಲಿ. 1978ರ ಏಪ್ರಿಲ್ 27ಕ್ಕೂ ಮೊದಲಿನ ಅತಿಕ್ರಮಣವೋ ನಂತರದ್ದೋ ಎಂಬುದರ ಮೇಲೆ ಒಂದು ಕುಟುಂಬದ ಹಣೆಬರಹ ನಿಂತಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ತಾವು ಅಲ್ಲೇ ನೆಲೆಸಿದ್ದೆವೆಂದು ತೋರಿಸಬೇಕು. ಕಾಗದವನ್ನೇ ಕಾಣದ ಕುಟುಂಬಗಳ ಅರ್ಜಿಗಳು ಈ ಒಂದು ಷರತ್ತಿಗೆ ಸಿಕ್ಕಿ ತಿರಸ್ಕಾರಗೊಂಡಿವೆ. ಚಿತ್ರದ ಕಥೆ 1990ರದು, ಆದ್ದರಿಂದ ಈ ಕಾಯ್ದೆ ಅದರೊಳಗೆ ಬರಬೇಕಿತ್ತೆಂದು ಯಾರೂ ಕೇಳಲಾರರು. ಆದರೆ ಕೊನೆಯಲ್ಲಿ ನಾಯಕ ಶಿವನ ಮೈಮೇಲೆ ಗುಳಿಗ ದೈವ ಬಂದು ಧಣಿಯ ಸಂಹಾರವಾಗುತ್ತದೆ, ನಂತರದ ಕೋಲದಲ್ಲಿ ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಒಂದಾಗಿಸಿ ಮರೆಯಾಗುತ್ತದೆ. ರಿಷಬ್ ಶೆಟ್ಟಿಯವರ ಅಭಿನಯ ಆ ಇಪ್ಪತ್ತು ನಿಮಿಷಗಳಲ್ಲಿ ಮುಟ್ಟುವ ಎತ್ತರ ಕನ್ನಡದಲ್ಲಿ ಅಪರೂಪ, ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ನ್ಯಾಯವಾದದ್ದು. ಆದರೂ ಚಿತ್ರಮಂದಿರದಿಂದ ಹೊರಬಂದಾಗ, ತೋಟದ ತಗಾದೆಯಲ್ಲಿ ಕಚೇರಿ ಅಲೆದು ಹಣ್ಣಾಗಿರುವ ನಮ್ಮ ಸಂಬಂಧಿಕರಾದ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಒಂದೇ ಮಾತು: “ಪಿಚ್ಚರು ಚೊಲೋ ಇತ್ತು. ಅಂತೂ ಪಹಣಿ ಯಾರ ಹೆಸರಿಗಾತು ತಮಾ?”

ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಚುರುಕಾಗಿರಲಿಲ್ಲ. ಅರಣ್ಯಾಧಿಕಾರಿ ಮುರಳಿಯ ಪಾತ್ರದಲ್ಲಿ ಕಿಶೋರ್ ಅವರಿಗೆ ಚಿತ್ರ ಒಂದು ಪಕ್ಷವನ್ನು ಕೊಡುತ್ತದೆ, ಕಾಡು ಉಳಿಯಬೇಕೆಂಬ ಅವನ ಹಟ ಸುಳ್ಳಲ್ಲ. ಮೊದಲರ್ಧದ ಅತ್ಯುತ್ತಮ ದೃಶ್ಯಗಳು ಅವನೂ ಶಿವನೂ ಮುಖಾಮುಖಿಯಾಗುವ ದೃಶ್ಯಗಳೇ. ಅಲ್ಲಿ ವಾಲಿಯೂ ರಾಮನೂ ಕೂತ ಸಭೆಯ ಬಿಸಿ ಇದೆ. ಧಣಿ ಖಳನೆಂದು ಬಯಲಾದ ಕ್ಷಣದಿಂದ ಆ ವಾದ ನಿಂತುಹೋಗುತ್ತದೆ. ಸರ್ಕಾರ ಮತ್ತು ಜನ ಇಬ್ಬರಲ್ಲೂ ಒಂದಷ್ಟು ನ್ಯಾಯವಿರುವ ಕಠಿಣವಾದ ಜಗಳದ ಜಾಗದಲ್ಲಿ, ಒಬ್ಬ ಕೆಟ್ಟವನನ್ನು ಕೊಂದರೆ ಬಗೆಹರಿಯುವ ಸುಲಭದ ಜಗಳ ಬಂದು ಕೂರುತ್ತದೆ.

2023ರ ಕೊನೆಯಲ್ಲಿ ಬಂದ ತರುಣ್ ಸುಧೀರ್ ಅವರ ‘ಕಾಟೇರ’ದಲ್ಲೂ ಇದೇ ಆಗಿದೆ, ಇನ್ನೂ ಒರಟಾಗಿ. ಗೇಣಿದಾರರು ಮತ್ತು ಭೂಸುಧಾರಣೆಯ ವಸ್ತುವನ್ನು ದೊಡ್ಡ ತಾರೆಯ ಚಿತ್ರವೊಂದು ಎತ್ತಿಕೊಂಡದ್ದೇ ವಿಶೇಷ. ಉಳುವವನೇ ಹೊಲದೊಡೆಯ ಎಂಬ ಕೂಗು ನಮ್ಮ ಜಿಲ್ಲೆಗೆ ಹೊಸದಲ್ಲ. ಅಂಕೋಲೆಯ ಸೀಮೆಯಲ್ಲಿ ದಿನಕರ ದೇಸಾಯಿಯವರು ರೈತರನ್ನು ಕಟ್ಟಿದ್ದು ಸ್ವಾತಂತ್ರ್ಯಕ್ಕೂ ಮೊದಲು, ಪಕ್ಕದ ಸಾಗರದ ಕಾಗೋಡು ಸತ್ಯಾಗ್ರಹ 1951ರದು, ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಆ ಕಾಲದ ನಿಜವಾದ ನಾಟಕ ನಡೆದದ್ದು ಭೂನ್ಯಾಯ ಮಂಡಳಿಯ ಎದುರು. ಒಡೆಯರ ಜಗುಲಿಯ ಮೇಲೆ ಎಂದೂ ಕೂರದಿದ್ದ ಒಕ್ಕಲು, ಅದೇ ಒಡೆಯರು ನೋಡುತ್ತಿರುವಾಗ, ಈ ಗದ್ದೆಯನ್ನು ಉತ್ತವನು ನಾನು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಾಗದೆ ಸುಮ್ಮನೆ ನಿಂತವರಿದ್ದರು. ಒಡೆಯರಲ್ಲಿಯೂ ಗೇಣಿಯ ಅಕ್ಕಿಯೊಂದನ್ನೇ ನಂಬಿದ್ದ ವಿಧವೆಯರಿದ್ದರು, ಒಕ್ಕಲಿನ ಪರ ಸಾಕ್ಷಿ ಹೇಳಿದವರಿದ್ದರು. ಇಷ್ಟೊಂದು ಮಾತು ತುಂಬಿರುವ ಕಥೆಯನ್ನು ಚಿತ್ರ ಕಮ್ಮಾರನಾದ ನಾಯಕನ ಸುತ್ತಿಗೆಯ ಕೈಗೆ ಒಪ್ಪಿಸಿ ಕೈತೊಳೆದುಕೊಂಡಿತು.

ಇಲ್ಲೊಂದು ಆಕ್ಷೇಪ ಬರುವುದು ಸಹಜ: ಮನರಂಜನೆಗೆಂದು ಮಾಡಿದ ಚಿತ್ರದಿಂದ ನೀವು ಕಂದಾಯ ಇಲಾಖೆಯ ಕಡತವನ್ನು ಬಯಸುತ್ತಿದ್ದೀರಿ ಎಂದು. ನಾನು ಕಡತ ಕೇಳುತ್ತಿಲ್ಲ. ಹೊಡೆದಾಟ, ಹಾಡು, ದೈವದ ಆವೇಶ ಯಾವುದೂ ನನಗೆ ಬೇಡವಾಗಿಲ್ಲ. ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವನಿಗೆ ಅಬ್ಬರದ ಬಗ್ಗೆ ಮಡಿಮೈಲಿಗೆ ಇರಲು ಸಾಧ್ಯವಿಲ್ಲ. ಅಬ್ಬರದ ನಡುವೆ ಎದುರಾಳಿಗೆ ಮಾತಾಡಲು ಬಿಟ್ಟರೆ ಅಬ್ಬರಕ್ಕೇ ತೂಕ ಬರುತ್ತದೆ ಎಂಬುದಷ್ಟೇ ನನ್ನ ವಾದ.

ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಬೇರೆ ಜಾತಿಯ ಚಿತ್ರ. 2023ರಲ್ಲಿ ಎರಡು ಭಾಗವಾಗಿ ಬಂತು. ಅಲ್ಲಿನ ಕಡಲು ನಮ್ಮ ಕಡಲಲ್ಲ. ಅದು ಬೆಂಗಳೂರಿನ ಬಾಡಿಗೆಮನೆಯ ಪ್ರೇಮಿಗಳು ಕಟ್ಟಿಕೊಂಡ ಕನಸು: ಕಡಲ ಹತ್ತಿರ ಒಂದು ಮನೆ, ಇಬ್ಬರೇ. ಕಾರವಾರದಲ್ಲಿ ಕಡಲೆಂದರೆ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವುದು, ಸೀಬರ್ಡ್ ನೌಕಾನೆಲೆಗೆ ಬಿಟ್ಟುಕೊಟ್ಟ ಊರುಗಳ ಹೆಸರನ್ನು ಇಂದಿಗೂ ಹೇಳುತ್ತಿರುವ ಕುಟುಂಬಗಳು, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ಬೇಡವೆಂದು ಮರಳಿನ ಮೇಲೆ ಕುಳಿತ ಮೀನುಗಾರ ಹೆಂಗಸರು. 2020ರ ‘ದಿಯಾ’ದಲ್ಲಿ ಕಾರವಾರದ ಕಡಲತೀರ ಕಣ್ಣಿಗೆ ತಂಪಾದ ಹಿನ್ನೆಲೆಯಾಗಿ ಬಂದು ಹೋದಾಗ ನನಗೆ ಇವೆಲ್ಲ ನೆನಪಾಗಿ ಕಿರಿಕಿರಿಯಾಗಿತ್ತು. ಆದರೆ ಹೇಮಂತ್ ಅವರ ಚಿತ್ರ ನೋಡುವಾಗ ಹಾಗಾಗಲಿಲ್ಲ. ಕಾರಣ, ಆ ಕಡಲು ಕನಸೆಂದು ಚಿತ್ರಕ್ಕೇ ಗೊತ್ತಿದೆ, ಕನಸಿಗೆ ಬೆಲೆ ಎಷ್ಟೆಂದೂ ಗೊತ್ತಿದೆ. ಒಂದು ಮನೆಯ ಆಸೆಗೆ ಮನು ಬೇರೆಯವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಪ್ರೇಯಸಿ ಪ್ರಿಯಾಳ ದನಿ ತುಂಬಿದ ಕ್ಯಾಸೆಟ್ಟಿನ ಬಲದಲ್ಲಿ ದಿನ ನೂಕುತ್ತಾನೆ. ಚರಣ್ ರಾಜ್ ಅವರ ಸಂಗೀತ ಎಲ್ಲಿ ನಿಲ್ಲಬೇಕೆಂದು ಬಲ್ಲದು, ಇದು ಇತ್ತೀಚಿನ ದಿನಗಳಲ್ಲಿ ದೊಡ್ಡ ಗುಣ. ಎರಡನೆಯ ಭಾಗ ಸೇಡಿನ ದಾರಿ ಹಿಡಿದು ಮಾಮೂಲಿಯಾಯಿತು ಎಂದು ಹಲವರು ಹೇಳಿದರು. ನನಗೆ ಅದು ಮೊದಲ ಭಾಗದಷ್ಟೇ ಬೇಕಾದದ್ದೆನಿಸಿತು, ಕನಸು ಕೆಟ್ಟ ಮೇಲೆ ಮನುಷ್ಯ ಎಷ್ಟು ಅಸಹ್ಯವಾಗಿ ಅದನ್ನು ಹಿಡಿದುಕೊಂಡಿರಬಲ್ಲ ಎಂದು ತೋರಿಸುವ ಧೈರ್ಯ ಅದಕ್ಕಿದೆ.

ಊರಿಗೆ ಮಾತು ಕೊಟ್ಟ ಚಿತ್ರವೆಂದು ನಾನು ನಿಸ್ಸಂಕೋಚವಾಗಿ ಹೆಸರಿಸಬಲ್ಲದ್ದು ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’. 2025ರ ಜುಲೈ 25ರಂದು ಹೆಚ್ಚು ಸದ್ದಿಲ್ಲದೆ ಬಂದ ಈ ಚಿತ್ರ ವಾರ ಕಳೆಯುವುದರೊಳಗೆ ಟಿಕೆಟ್ ಸಿಗದಂತಾಯಿತು. ಅದರಲ್ಲಿ ನಾಯಕನೆಂದು ಕರೆಯಬಹುದಾದವನಿಲ್ಲ. ಅಶೋಕನೆಂಬ ಹುಡುಗ ಬಚ್ಚಲಮನೆಗೆ ಇಣುಕಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲು ತನ್ನ ಮೈಮೇಲೆ ಸೋಮೇಶ್ವರದ ಸುಲೋಚನೆಯ ಪ್ರೇತ ಬಂದಿದೆಯೆಂದು ನಟಿಸುತ್ತಾನೆ. ಅಲ್ಲಿಂದ ಮುಂದೆ ಕಥೆಯನ್ನು ನಡೆಸುವುದು ಊರು. ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣ, ಊಟ ಎಲ್ಲಿದೆಯೋ ಅಲ್ಲಿ ಹಾಜರಾಗುವವರು, ಹೆದರಿಕೆಯಲ್ಲೂ ಸುದ್ದಿಯ ರುಚಿ ಬಿಡದವರು, ಎಲ್ಲರಿಗೂ ಆ ಪ್ರೇತದ ಬಗ್ಗೆ ಒಂದೊಂದು ಅಭಿಪ್ರಾಯವಿದೆ, ಆ ಅಭಿಪ್ರಾಯ ಹೇಳಲು ಚಿತ್ರ ಪ್ರತಿಯೊಬ್ಬರಿಗೂ ಸಮಯ ಕೊಡುತ್ತದೆ. ಇದು ನೂರಾರು ಊರುಗಳಲ್ಲಿ ರಾತ್ರಿಯ ಕಟ್ಟೆಯ ಮೇಲೆ ನಡೆಯುವ ಪಂಚಾಯ್ತಿಯ ಲಯ. ಸಂಭಾಷಣೆ ಒಂದರ ಮೇಲೊಂದು ಬೀಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಹಿಂದಿನ ಸಾಲಿನವನ ಗೊಣಗಾಟ ಮುಂದಿನ ಸಾಲಿನವನ ಘೋಷಣೆಯನ್ನು ಹಾಳುಮಾಡುತ್ತದೆ. ರಂಗಭೂಮಿಯಲ್ಲಿ ಪಳಗಿದ ತುಳುನಾಡಿನ ನಟರಲ್ಲದೆ ಬೇರೆಯವರಿಗೆ ಈ ಮಟ್ಟದ ಜೊತೆಗಾರಿಕೆ ಸುಲಭವಲ್ಲ.

ಚಿತ್ರಕ್ಕೆ ಕೊರತೆಯೂ ಇದೆ. ಬಚ್ಚಲಮನೆಗೆ ಇಣುಕಿದ ಅಪರಾಧವನ್ನು ಅದು ಹುಡುಗಾಟವೆಂದು ಬದಿಗೆ ಸರಿಸುವ ರೀತಿ ನನಗೆ ಇಷ್ಟವಾಗಲಿಲ್ಲ. ಇಣುಕಿಗೆ ಗುರಿಯಾದವಳಿಗೆ ಊರಿನ ಉಳಿದವರಿಗೆ ಸಿಕ್ಕ ಸರದಿ ಸಿಗಲಿಲ್ಲ. ಆದರೆ ಸುಲೋಚನೆಯ ಮಗಳು ಭಾನು ಬಂದ ಮೇಲೆ ಚಿತ್ರ ತನ್ನ ಹಾಸ್ಯಕ್ಕೇ ಲೆಕ್ಕ ಕೇಳುತ್ತದೆ. ಊರವರಿಗೆ ಮೋಜಾಗಿದ್ದ ಪ್ರೇತ ಅವಳಿಗೆ ತಾಯಿ. ಬದುಕಿರುವ ಹೆಣ್ಣಿನ ಮಾತನ್ನು ಕೇಳದ ಮನೆಯವರು ಸತ್ತವಳ ಹೆಸರಿನಲ್ಲಿ ಗಂಡಸೊಬ್ಬ ಕೂಗಿದರೆ ನಡುಗುತ್ತಾರೆ ಎಂಬ ಕಟುವಾದ ಸಂಗತಿಯನ್ನು ಚಿತ್ರ ಭಾಷಣವಿಲ್ಲದೆ ಹೇಳಿಬಿಡುತ್ತದೆ. ನಕ್ಕು ನಕ್ಕು ಸುಸ್ತಾದ ಚಿತ್ರಮಂದಿರದಲ್ಲಿ ಹೆಂಗಸರ ಸಾಲುಗಳು ಆ ಭಾಗದಲ್ಲಿ ಬೇರೆ ರೀತಿ ಆಲಿಸುತ್ತಿದ್ದದ್ದನ್ನು ನಾನು ಗಮನಿಸಿದೆ. ಮಲೆನಾಡಿನ ಹೋಟೆಲೊಂದನ್ನು ರಂಗಾಯಣ ರಘು ಅವರ ಒಂಟಿತನದ ಸುತ್ತ ಕಟ್ಟಿದ 2024ರ ‘ಶಾಖಾಹಾರಿ’ಯೂ ಇದೇ ಸಾಲಿಗೆ ಸೇರಬೇಕಾದದ್ದು, ಅದಕ್ಕೆ ಇಷ್ಟು ನೋಡುಗರು ಸಿಗಲಿಲ್ಲ.

ದೊಡ್ಡ ಚಿತ್ರಗಳಿಗೆ ಇದು ಏಕೆ ಸಾಧ್ಯವಾಗುತ್ತಿಲ್ಲ ಎಂಬುದಕ್ಕೆ ಕಾರಣ ಹಣದಲ್ಲಿದೆ. ಐದಾರು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆಯಾಗಬೇಕಾದ ಚಿತ್ರಕ್ಕೆ ಮಾತು ಹೊರೆ, ದೃಶ್ಯ ಆಸ್ತಿ. ದೈವದ ಮುಖವರ್ಣಿಕೆ ಲಖನೌದ ನೋಡುಗನಿಗೂ ಒಂದೇ ನೋಟಕ್ಕೆ ಎಟಕುತ್ತದೆ, ಪಹಣಿಯ ತಕರಾರು ಎಟಕುವುದಿಲ್ಲ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ನೀಡಿತು. ನಗರದ ಮಲ್ಟಿಪ್ಲೆಕ್ಸಿನಲ್ಲಿ ಮೊದಲ ವಾರ ದುಬಾರಿ ದರಕ್ಕೆ ಮಾರಾಟವಾಗಬೇಕಾದ ಚಿತ್ರ ಹೇಗಿರುತ್ತದೆ ಎಂಬುದನ್ನು ತಾಲೂಕು ಕೇಂದ್ರದ ಒಂಟಿ ಪರದೆಯ ನೋಡುಗ ನಿರ್ಧರಿಸುವುದಿಲ್ಲ. ಆ ನೋಡುಗನಿಗೆ ಸೂಕ್ಷ್ಮ ತಿಳಿಯದು ಎಂಬ ಗಾಂಧಿನಗರದ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಶಿರಸಿಯಿಂದ ಹೆಚ್ಚು ದೂರವಿಲ್ಲದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದ್ದರು, ಜನ ಕೂತು ನೋಡಿದ್ದರು.

ನಮ್ಮ ಜಿಲ್ಲೆಯವರೇ ಆದ ನಟೇಶ್ ಹೆಗಡೆಯವರ ‘ಪೆಡ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ, ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡವು. ಎರಡರ ನಿರ್ಮಾಣದಲ್ಲೂ ರಿಷಬ್ ಶೆಟ್ಟಿಯವರ ಪಾಲಿದೆ ಎಂಬುದನ್ನು ಅವರ ಟೀಕಾಕಾರರು ಮರೆಯಬಾರದು. ಈ ಚಿತ್ರಗಳಲ್ಲಿ ನಮ್ಮ ಘಟ್ಟದ ಮಳೆ ಸುಂದರವಾಗಿಲ್ಲ, ಅದು ಮೈಗೆ ಅಂಟುತ್ತದೆ. ಊರು ಒಬ್ಬನನ್ನು ಹೇಗೆ ಹೊರಗಿಡುತ್ತದೆ ಎಂಬುದು ಯಾವ ಖಳನ ಸಹಾಯವೂ ಇಲ್ಲದೆ ಕಾಣುತ್ತದೆ. ಇವು ಮುಖ್ಯವಾಹಿನಿಯವಲ್ಲ, ಆದ್ದರಿಂದ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ಹಲವು ಭಾಷೆಗಳಲ್ಲಿ ಒಟ್ಟಿಗೇ ಬಂತು. ಕಥೆಯ ತಿರುವನ್ನು ತಿಳಿಯಲು ಇಷ್ಟವಿಲ್ಲದವರು ಇಲ್ಲಿಗೆ ನಿಲ್ಲಿಸಬಹುದು. ಕದಂಬರ ಕಾಲದ ಹಿನ್ನೆಲೆಯೆಂದು ಕೇಳಿದಾಗಲೇ ನನಗೆ ಕುತೂಹಲವಾಗಿತ್ತು, ಬನವಾಸಿ ಇರುವುದು ನಮ್ಮ ಶಿರಸಿ ತಾಲೂಕಿನಲ್ಲೇ. ಕಾಡು, ರಥ, ಕಾಳಗ, ಎಲ್ಲವೂ ಅಪಾರ ಶ್ರಮದಿಂದ ಕಟ್ಟಿದವು. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣ ಕತ್ತಲನ್ನು ಹಿಡಿಯುವ ರೀತಿಗೆ ತಲೆಬಾಗಬೇಕು. ಆದರೆ ನನ್ನನ್ನು ಸೆಳೆದದ್ದು ಬಂದರು. ಕಾಡಿನ ಜನ ತಾವು ಬೆಳೆದ ಸಂಬಾರ ಪದಾರ್ಥಕ್ಕೆ ಕಡಲಂಚಿನಲ್ಲಿ ಇರುವ ಬೆಲೆಯನ್ನು ಮೊದಲ ಬಾರಿಗೆ ಕಂಡು, ಮಧ್ಯದಲ್ಲಿ ಕೂತ ಅರಮನೆಯನ್ನು ಬದಿಗೊತ್ತಿ ತಾವೇ ವ್ಯಾಪಾರಕ್ಕೆ ಇಳಿಯುವ ಭಾಗ ಇಡೀ ಚಿತ್ರದಲ್ಲಿ ಹೊಸದು. ಕಾಳುಮೆಣಸು ಬೆಳೆಯುವ ನಾಡಿನವರಿಗೆ ಇದು ಬರಿಯ ಕಲ್ಪನೆಯಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಘಟ್ಟದ ಮೆಣಸನ್ನೂ ಕಡಲ ಬಂದರನ್ನೂ ಒಂದೇ ಕೈಯಲ್ಲಿ ಹಿಡಿದು ಆಳಿದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಬೆಳೆಯುವವನು, ಸಾಗಿಸುವವನು, ಸುಂಕ ಎತ್ತುವವನು, ಕೊಳ್ಳುವವನು, ಈ ನಾಲ್ವರ ಜಗಳವೇ ಈ ಕಡಲಂಚಿನ ಐದು ನೂರು ವರ್ಷದ ಚರಿತ್ರೆ.

ಚಿತ್ರದಲ್ಲಿ ಈ ಜಗಳವನ್ನು ಪೂರ್ತಿಯಾಗಿ ಬಲ್ಲ ಪಾತ್ರ ಒಂದೇ, ರುಕ್ಮಿಣಿ ವಸಂತ್ ವಹಿಸಿದ ರಾಜಕುಮಾರಿ ಕನಕವತಿ. ಕುಡಿತ ಕ್ರೌರ್ಯಗಳಲ್ಲಿ ಮುಳುಗಿದ ಅರಮನೆಯ ಗಂಡಸರಿಗಿಂತ ಅವಳಿಗೆ ರಾಜ್ಯದ ಆದಾಯ ಎಲ್ಲಿಂದ ಬರುತ್ತದೆಂದು ಗೊತ್ತು, ಕಾಡು ಕೈತಪ್ಪಿದರೆ ಬಂದರು ಬರಿದಾಗುತ್ತದೆಂದು ಗೊತ್ತು, ಕಾಡಿನ ಜನರ ನಾಯಕ ಬೆರ್ಮೆಯ ಜೊತೆಗಿನ ಸ್ನೇಹದ ಹಿಂದೆ ಈ ತಿಳಿವಳಿಕೆಯೂ ಇರಬಹುದೆಂಬ ಸೂಚನೆ ಮೊದಲಿನಿಂದಲೂ ಇದೆ. ಕೊನೆಯಲ್ಲಿ ಅವಳು ಎದುರಾಳಿಯೆಂದು ಬಯಲಾದಾಗ ಚಿತ್ರಕ್ಕೆ ದೊಡ್ಡದೊಂದು ಅವಕಾಶ ಒದಗಿ ಬಂದಿತ್ತು: ಅವಳನ್ನು ನಿಲ್ಲಿಸಿ, ನಿಮ್ಮ ದೈವ ನಿಮಗೆ, ಈ ರಾಜ್ಯ ನನಗೆ, ಇದರಲ್ಲಿ ನನ್ನ ತಪ್ಪೇನೆಂದು ಬೆರ್ಮೆಯನ್ನು ಕೇಳಿಸಬಹುದಿತ್ತು, ಬೆರ್ಮೆ ಅದಕ್ಕೆ ಉತ್ತರ ಹುಡುಕಬೇಕಾಗುತ್ತಿತ್ತು. ಚಿತ್ರ ಆ ಹೊತ್ತಿಗೆ ದೈವಾವೇಶದ ಅಂತಿಮ ಕಾಳಗಕ್ಕೆ ತಯಾರಾಗಿ ನಿಂತಿರುತ್ತದೆ, ಅವಳ ಸಂಚು ನಮಗೆ ತಿಳಿಯುತ್ತದೆಯೇ ಹೊರತು ಅವಳ ನ್ಯಾಯ ತಿಳಿಯುವುದಿಲ್ಲ. ರುಕ್ಮಿಣಿ ಅಂಥ ವಾದವನ್ನು ಕಣ್ಣಿನಲ್ಲೂ ಮಾತಿನಲ್ಲೂ ಹೊರಬಲ್ಲ ನಟಿ ಎಂಬುದಕ್ಕೆ ‘ಸಪ್ತ ಸಾಗರದಾಚೆ ಎಲ್ಲೋ’ದ ಪ್ರಿಯಾಳೇ ಸಾಕ್ಷಿ, ಬರವಣಿಗೆ ಅವರಿಗೆ ಒಂದು ಪುಟ ಹೆಚ್ಚು ಕೊಟ್ಟಿದ್ದರೆ ಸಾಕಿತ್ತು.